ಬ್ಯಾಡಗಿ ಸದಸ್ಯೆಯ ವಿಚಾರಣೆ

ಪ್ರತಿ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮೊಬೈಲ್‌ನಲ್ಲೇ ಒಂದು ವಿಧಾನಸಭೆ ಸೇರುತ್ತಿತ್ತು...

ನಿಜವಾದದ್ದಲ್ಲ, ಅಣಕು ಸಭೆ. ಆಸಕ್ತಿ ಇದ್ದವರು ಒಂದೊಂದು ಕ್ಷೇತ್ರದ ಹೆಸರು ಹಿಡಿದು ಸದಸ್ಯರಾಗುತ್ತಿದ್ದರು. ಮಸೂದೆ ಮಂಡಿಸುತ್ತಿದ್ದರು, ವಾದಿಸುತ್ತಿದ್ದರು, ಮತ ಹಾಕುತ್ತಿದ್ದರು.

ಮೈಸೂರಿನ ವಿಶ್ವಜಿತ್ ಅಲ್ಲಿ ಶಿಸ್ತು ಸಮಿತಿಯ ಮುಖ್ಯಸ್ಥ. ಕೊನೆಯ ವರ್ಷದ ಲಾ ವಿದ್ಯಾರ್ಥಿ. ಅವನ ಕಣ್ಣು ತಪ್ಪಿಸುವುದು ಕಷ್ಟ.

ಆ ಕಣ್ಣಿಗೆ ಬಿದ್ದವಳು ಬ್ಯಾಡಗಿಯ ಸದಸ್ಯೆ, ನೀಲವ್ವ.

ಅವಳು ಒಮ್ಮೆಯೂ ಕ್ಯಾಮೆರಾ ಆನ್ ಮಾಡಿದವಳಲ್ಲ. ಮಾತಾಡಿದವಳೂ ಅಲ್ಲ. ಎಲ್ಲವನ್ನೂ ಟೈಪ್ ಮಾಡಿ ಕಳಿಸುತ್ತಿದ್ದಳು... ಅದೂ ಹತ್ತು ಹನ್ನೆರಡು ನಿಮಿಷ ತಡವಾಗಿ.

ತಡವಾದರೂ ಸರಿ, ಅವಳ ಪ್ರಶ್ನೆ ಬಂತೆಂದರೆ ಮಸೂದೆಗೆ ಎಲ್ಲೋ ಒಂದು ಕಡೆ ತೂತು ಬೀಳುತ್ತಿತ್ತು.

ವಿಶ್ವಜಿತ್‌ಗೆ ಅನುಮಾನ ಹುಟ್ಟಿತು. ಹಳೆಯ ಚಾಟ್‌ಗಳನ್ನೆಲ್ಲ ತೆಗೆದು ಓದತೊಡಗಿದ.

ಒಂದು ದಿನದ ಬರಹ ಅಜ್ಜಿಯೊಬ್ಬಳು ಗದರಿದಂತಿತ್ತು. ಇನ್ನೊಂದು ದಿನದ್ದು ಹೊಸ ಮದುವಣಗಿತ್ತಿ ನಾಚಿದಂತೆ. ಮತ್ತೊಮ್ಮೆ ಸಾಲುಸಾಲಿಗೆ ಉರ್ದು ಪದಗಳು...

ಒಬ್ಬಳೇ ಹೆಣ್ಣು ವಾರಕ್ಕೊಂದು ಭಾಷೆ ಬದಲಿಸುತ್ತಾಳೆಯೇ?

ಒಮ್ಮೆ ಅವಳ ಮೈಕ್ ತಪ್ಪಿ ಆನ್ ಆಯಿತು. ಅರೆಗಳಿಗೆಯಲ್ಲಿ ನಾಲ್ಕು ಬೇರೆ ಬೇರೆ ಕೆಮ್ಮು ಕೇಳಿಸಿತು. ಅವನು ಅದನ್ನೂ ಬರೆದಿಟ್ಟುಕೊಂಡ.

ಅವಳ ಹಿಂದೆ ಯಾರೋ ಇದ್ದಾರೆ... ವಕೀಲರ ಗುಂಪೋ, ಎದುರು ಪಕ್ಷದವರೋ. ಒಂದು ಖಾತೆಗೆ ಒಬ್ಬರೇ ಎಂಬುದು ಸಭೆಯ ಮೊದಲ ನಿಯಮ. ಮುರಿದವರಿಗೆ ಶಾಶ್ವತವಾಗಿ ಬಾಗಿಲು ಬಂದ್.

ಆ ವಾರ ವಿಶ್ವಜಿತ್ ತನ್ನದೇ ಮಸೂದೆ ಮಂಡಿಸಿದ್ದ. ದಿನಗೂಲಿಯವರೆಲ್ಲ ಬೆರಳಚ್ಚು ಒತ್ತಿ ಹಾಜರಿ ಹಾಕಬೇಕು. ಹಾಗಾದರೆ ಯಾವ ಮಾಲೀಕನೂ ಕೂಲಿಯಲ್ಲಿ ಮೋಸ ಮಾಡಲಾರ. ಎರಡು ತಿಂಗಳು ಕೂತು ಬರೆದ ಮಸೂದೆ ಅದು. ಎಲ್ಲರೂ ಮೆಚ್ಚಿದ್ದರು.

ಹನ್ನೊಂದು ನಿಮಿಷದ ನಂತರ ಬ್ಯಾಡಗಿಯಿಂದ ಒಂದು ಸಾಲು ಬಂತು. ಬೆರಳಚ್ಚು ಬೀಳದವರ ಗತಿ ಏನು ಎಂದು.

ಅವನಿಗೆ ಮೈ ಉರಿಯಿತು. ಬೆರಳಿದ್ದ ಮೇಲೆ ಅಚ್ಚು ಬೀಳದೆ ಇರುತ್ತದೆಯೇ? ಇದು ಬೇಕೆಂದೇ ಕಾಲೆಳೆಯುವ ಆಟ.

ಮರು ಭಾನುವಾರವೇ ಅವಳ ವಿಚಾರಣೆ ಇಟ್ಟ. ಕ್ಯಾಮೆರಾ ಕಡ್ಡಾಯ ಎಂದು ನೋಟಿಸ್ ಕಳಿಸಿದ.

ಅಧ್ಯಕ್ಷೆ ಕಾತ್ಯಾಯಿನಿ ಮೇಡಂ ರಿಟೈರ್ಡ್ ಟೀಚರ್. ಅವರು ಹೆಸರು ಕೂಗಿದರು. ಕಪ್ಪು ಚೌಕವೊಂದು ಬೆಳಗಿತು...

ಮೊದಲು ಕಂಡದ್ದು ಕೆಂಪು. ಆಳೆತ್ತರದ ಒಣಮೆಣಸಿನಕಾಯಿ ರಾಶಿ. ಅದರ ಸುತ್ತ ಮೂಗಿಗೆ ಸೆರಗು ಕಟ್ಟಿಕೊಂಡು ಕುಳಿತ ಹೆಂಗಸರು. ಕೈಗಳು ಒಂದೇ ಸಮನೆ ತೊಟ್ಟು ಬಿಡಿಸುತ್ತಿದ್ದವು. ನಡುವೆ ಇಪ್ಪತ್ತರ ಆಸುಪಾಸಿನ ಹುಡುಗಿ, ಫೋನನ್ನು ಡಬ್ಬಿಗೆ ಒರಗಿಸಿ ತಲೆ ತಗ್ಗಿಸಿ ಕುಳಿತಿದ್ದಳು.

ಈ ಖಾತೆಯಿಂದ ಬರೆಯುವವರು ನೀವೊಬ್ಬರೇನಾ ಎಂದು ವಿಶ್ವಜಿತ್ ಕೇಳಿದ.

"ಅಲ್ರಿ ಸರ... ನಾವು ಹದಿನಾರು ಮಂದಿ ಅದೀವ್ರಿ."

ಗೆದ್ದೆ ಅಂದುಕೊಂಡ. ಇಷ್ಟು ಸುಲಭವಾಗಿ ಒಪ್ಪಿಕೊಳ್ಳುತ್ತಾಳೆಂದು ಅವನು ಎಣಿಸಿರಲಿಲ್ಲ.

ಹುಡುಗಿ ಬಿಡಿಸಿ ಹೇಳಿದಳು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳಂತೆ. ಮಸೂದೆಯನ್ನು ಇವರಿಗೆಲ್ಲ ಜೋರಾಗಿ ಓದಿ ಹೇಳುತ್ತಾಳಂತೆ. ಇವರು ಕೆಲಸ ಮಾಡುತ್ತಲೇ ಜಗಳವಾಡುತ್ತಾರೆ. ಆ ದಿನ ಯಾರ ಮಾತು ಗಟ್ಟಿಯೋ ಅದನ್ನು ಅವರು ಹೇಳಿದ ಹಾಗೆಯೇ ಬರೆದು ಕಳಿಸುತ್ತಾಳಂತೆ.

"ನನ್ನ ಹೆಸರಿನ ಮುಂದ ಜನಪ್ರತಿನಿಧಿ ಅಂತ ಬರದಿತ್ತಲ್ರಿ. ಹಂಗಂದ್ರ ಮಂದೀನ ಕೇಳಿ ಮಾತಾಡಬೇಕು ಅನ್ಕೊಂಡೆ..." ಅಂದಳು. ನಿಜವಾಗಿಯೂ ಗೊತ್ತಿಲ್ಲದವಳಂತೆ ಕೇಳಿದಳು. "ನೀವೆಲ್ಲ ಕೇಳಂಗಿಲ್ಲೇನ್ರಿ?"

ವಿಶ್ವಜಿತ್ ಮುಖ ಕಿವಿಚಿಕೊಂಡು ತನ್ನ ಟಿಪ್ಪಣಿಗಳನ್ನು ತಿರುವಿದ...

"ಲೇ ನೀಲಾ, ಆ ಸಾಹೇಬ್ರು ಯಾಕ ಹೊಟ್ಟಿ ನೋವು ಬಂದವರಂಗ ಕುಂತಾರ?" ಹಿಂದಿನಿಂದ ಯಾರೋ ಕೇಳಿದರು. ಹೆಂಗಸರು ಸೆರಗಿನೊಳಗೇ ನಕ್ಕರು.

ಕೇಳಿದವಳು ಎದ್ದು ಮುಂದೆ ಬಂದಳು. ಹುಸೇನಬಿ, ಅರವತ್ತು ದಾಟಿದವಳು. ಹತ್ತು ಬೆರಳನ್ನೂ ಕ್ಯಾಮೆರಾಕ್ಕೆ ಹಿಡಿದಳು.

"ನಲವತ್ತು ವರ್ಸ ಖಾರ ತಿಂದಾವ ಇವು. ರೇಷನ್ ಅಂಗಡ್ಯಾಗೂ ಅಚ್ಚು ಬೀಳಂಗಿಲ್ಲ. ಒಂದಾದ್ರೂ ಗೆರಿ ಕಂಡ್ರ ತೋರ್ಸಪ್ಪ, ಎಲ್ಲೈತಿ?"

ವಿಶ್ವಜಿತ್ ಸ್ಕ್ರೀನ್ ಹತ್ತಿರ ಬಗ್ಗಿ ನೋಡಿದ. ಬೆರಳ ತುದಿಗಳು ಹೊಳೆಯಲ್ಲಿ ಉರುಳಿದ ಕಲ್ಲಿನಂತೆ ನುಣುಪಾಗಿದ್ದವು. ಒಂದು ಗೆರೆಯೂ ಇರಲಿಲ್ಲ...

ಅವನ ಮಸೂದೆ ಕಾನೂನಾಗಿದ್ದರೆ, ಯಾರ ಕೂಲಿ ಉಳಿಸಲು ಬರೆದಿದ್ದನೋ ಅವರಿಗೇ ಹಾಜರಿ ಸಿಗುತ್ತಿರಲಿಲ್ಲ.

ಎರಡು ತಿಂಗಳು ಪುಸ್ತಕ ಓದಿದ್ದ. ಹನ್ನೊಂದು ರಾಜ್ಯಗಳ ನಿಯಮ ಓದಿದ್ದ. ಬೀದಿಗೆ ಇಳಿದು ಒಬ್ಬನೇ ಒಬ್ಬ ಕೂಲಿಯವನನ್ನೂ ಮಾತಾಡಿಸಿರಲಿಲ್ಲ.

ಆರೋಪ ಸಾಬೀತಾಯಿತೇ ಎಂದು ಮೇಡಂ ಕೇಳಿದರು. ನೀಲವ್ವ ಕಣ್ಣು ಮುಚ್ಚಿಕೊಂಡಳು. ಶಾಲೆ ಬಿಟ್ಟ ಮೇಲೆ ಅವಳಿಗೆ ಸಿಕ್ಕ ಒಂದೇ ಬೆಂಚು ಅದು...

ವಿಶ್ವಜಿತ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ಸಾಬೀತಾಗಿದೆ ಮೇಡಂ. ಅವರ ಹಿಂದೆ ಹದಿನೈದು ಜನ ಇದ್ದಾರೆ. ನನ್ನ ಹಿಂದೆ ಯಾರೂ ಇಲ್ಲ... ನಮ್ಮಿಬ್ಬರಲ್ಲಿ ಯಾರು ಹೊರಗೆ ಹೋಗಬೇಕು, ಸಭೆಯೇ ಹೇಳಲಿ."

ಬ್ಯಾಡಗಿ ಸದಸ್ಯೆಯನ್ನು ಹೊರಹಾಕಬೇಕು ಎನ್ನುವವರು ಕೈ ಎತ್ತಿ ಎಂದರು ಮೇಡಂ.

ಒಂದು ಕೈಯೂ ಮೇಲೆ ಬರಲಿಲ್ಲ.

ಆ ದಿನ ಸಭೆ ತನ್ನ ಮೊದಲ ನಿಯಮವನ್ನೇ ತಿದ್ದಿತು. ಒಂದು ಖಾತೆಯ ಹಿಂದೆ ಎಷ್ಟು ಜನರಾದರೂ ಇರಬಹುದು. ಇನ್ನು ಮುಂದೆ ಮಸೂದೆ ಮಂಡಿಸುವ ಮೊದಲು, ಅದು ಯಾರಿಗಾಗಿಯೋ ಅವರಲ್ಲಿ ಹತ್ತು ಮಂದಿಯನ್ನಾದರೂ ಕೇಳಿ ಬರಬೇಕು.

ತಿದ್ದುಪಡಿ ತಂದವನು ವಿಶ್ವಜಿತ್. ಈ ಸಲ ಬ್ಯಾಡಗಿಯ ಉತ್ತರ ತಡವಾಗಲಿಲ್ಲ. "ಹೌದು" ಎಂದು ಹದಿನಾರು ಗಂಟಲು ಒಟ್ಟಿಗೆ ಕೂಗಿದವು... ಕೆಮ್ಮುತ್ತಾ, ನಗುತ್ತಾ.

ಇನ್ನೊಬ್ಬರ ಪರವಾಗಿ ಬಾಯಿ ತೆರೆಯುವ ಮೊದಲು, ಅವರ ಮುಂದೆ ಕೂತು ಕಿವಿ ತೆರೆಯಬೇಕು.

ಮನೆಯಲ್ಲೋ ಕೆಲಸದಲ್ಲೋ, "ಅವರ ಒಳ್ಳೆಯದಕ್ಕೇ" ಎಂದು ನೀವು ಕೊನೆಯ ಸಲ ಒಂದು ತೀರ್ಮಾನ ಮಾಡಿದಿರಲ್ಲ... ಆಗ ಅವರನ್ನು ಒಂದು ಮಾತು ಕೇಳಿದ್ದಿರಾ?