ಎದುರು ಸಾಲು

“ಈ ಸಲ ಚೀಟಿ ಇಲ್ಲ, ಡಬ್ಬಿನೂ ಇಲ್ಲ,” ಎಂದು ಪಕ್ಷದ ಕಾರ್ಯದರ್ಶಿ ಕದಿರೇಶ್ ಮೈಕಿನಲ್ಲಿ ಹೇಳಿದರು. “ಹೋದ ಸಲ ಡಬ್ಬಿ ಅದಲುಬದಲಾಯ್ತು ಅಂತ ಕಿತ್ತಾಡಿದ್ರಲ್ಲ, ಸಾಕು. ವಾರ್ಡಿಗೆ ಯಾರು ನಮ್ಮ ಕ್ಯಾಂಡಿಡೇಟ್ ಆಗ್ಬೇಕೋ ಅವರ ಹಿಂದೆ ಹೋಗಿ ನಿಂತ್ಕೊಳ್ಳಿ. ತಲೆ ಎಣಿಸ್ತೀವಿ.”

ಮುಳಬಾಗಿಲಿನ ಆ ಛತ್ರದ ತುಂಬ ನಗು ಎದ್ದಿತು. ನಂದಿತಾ ನಗಲಿಲ್ಲ. ಚೀಟಿ ಇರುತ್ತದೆಂಬ ಧೈರ್ಯದಿಂದಲೇ ಅವಳು ಬಂದಿದ್ದಳು. ಮಡಚಿದ ಚೀಟಿಯೊಳಗೆ ಏನಿದೆಯೆಂದು ಯಾರಿಗೂ ತಿಳಿಯದು. ನಿಂತ ಜಾಗ ಎಲ್ಲರಿಗೂ ಕಾಣುತ್ತದೆ.

ಬಲಗಡೆ ಟೊಮೆಟೊ ಮಂಡಿಯ ಚಂದ್ರಮೋಹನ್ ಕೈ ಮುಗಿದುಕೊಂಡು ನಿಂತಿದ್ದರು. ಎಡಗಡೆ ವಾಣಿಶ್ರೀ. ಸ್ವಲ್ಪ ಹೊತ್ತಿನ ಹಿಂದೆ ಇದೇ ಮೈಕಿನಲ್ಲಿ ಆಕೆ, “ಮಂಗಳಮುಖಿಯರೂ ನಮ್ಮ ವಾರ್ಡಿನೋರೇ. ಇಬ್ಬರು ಹೆಂಗಸರು ಜೋಡಿಯಾಗಿ ಬಾಳ್ತಿದ್ರೆ ಅವರೂ ನಮ್ಮೋರೇ. ಅಂಥೋರಿಗೆ ಮನೆ ಖಾಲಿ ಮಾಡಿ ಅನ್ನೋರು ಮೊದಲು ನನ್ನ ಹತ್ರ ಮಾತಾಡ್ಬೇಕು,” ಎಂದಿದ್ದರು. ಹಿಂದಿನ ಕುರ್ಚಿಗಳಿಂದ ಯಾರೋ ಶಿಳ್ಳೆ ಹಾಕಿದ್ದರು. ಈಗ ಅದೇ ಕಡೆಯಿಂದ ದನಿ ಬಂತು: “ಆ ಸಾಲಿಗೆ ಹೋಗೋರು ನೋಡ್ಕೊಂಡು ಹೋಗ್ರಪ್ಪ, ಗುರುತು ಹತ್ತಿಬಿಡ್ತದೆ.”

ನಂದಿತಾ ಪಕ್ಕದಲ್ಲಿದ್ದ ಮುನಿಲಕ್ಷ್ಮಿಯ ಕಡೆ ತಿರುಗಿದಳು. ಬಾಡಿಗೆಗೆ ಬಂದ ದಿನ ಮನೆಯ ಓನರ್‌ಗೆ ‘ನನ್ನ ಚಿಕ್ಕಮ್ಮನ ಮಗಳು’ ಎಂದು ಪರಿಚಯಿಸಿ, ಅಂದಿನಿಂದ ಮಹಡಿಯ ಮೇಲೆ ಅವಳು ಬಾಳುತ್ತಿದ್ದದ್ದು ಈ ಮುನಿಲಕ್ಷ್ಮಿಯ ಜೊತೆಗೇ. ಕಿಟಕಿಯ ಪರದೆ ಎಳೆಯದೆ ಒಂದು ಸಂಜೆಯೂ ಅವಳ ಪಕ್ಕ ಕೂತವಳಲ್ಲ.

“ಇಬ್ಬರೂ ಚಂದ್ರಮೋಹನ್ ಹಿಂದೇನೇ ನಿಂತುಬಿಡೋಣ,” ಎಂದು ಪಿಸುಗುಟ್ಟಿದಳು.

“ನಾನು ಹೆಂಗೂ ಅಲ್ಲೇ ನಿಂತ್ಕೊಳ್ಳೋದು,” ಅಂದಳು ಮುನಿಲಕ್ಷ್ಮಿ. “ನನ್ನ ಟೈಲರ್ ಅಂಗಡಿ ಮುಂದೆ ಚರಂಡಿ ತೆಗೆಸಿಕೊಟ್ಟೋನು ಅವನು. ಆವಮ್ಮ ಮಾತು ಚೆನ್ನಾಗಾಡ್ತಾಳೆ. ನೀರು ಹೋಗ್ಬೇಕಲ್ಲ?”

“ಅವರು ಹೇಳಿದ್ದು ನಮಗೋಸ್ಕರ ಕಣೇ.”

“ಹಂಗಾದ್ರೆ ಹೋಗಿ ನಿಂತ್ಕೋ. ನಾನೇನು ಬೇಡ ಅಂದ್ನಾ?”

“ಓನರಮ್ಮ ಇಲ್ಲೇ ಎಲ್ಲೋ ಇದ್ದಾರೆ. ನನ್ನನ್ನ ಆ ಸಾಲಲ್ಲಿ ನೋಡಿದ್ರೆ ಮನೆ ಬಿಡಿಸ್ತಾರೆ.”

“ನಂದು, ನಿನಗೆ ಬೇಕಾಗಿರೋದು ಆವಮ್ಮ. ಹೆದರ್ಕೊಂಡು ಬಂದು ನನ್ನ ಕ್ಯಾಂಡಿಡೇಟಿಗೆ ಓಟು ಜಾಸ್ತಿ ಮಾಡ್ಬೇಡ. ನಾವು ನ್ಯಾಯವಾಗೇ ಗೆಲ್ತೀವಿ.” ಮುನಿಲಕ್ಷ್ಮಿ ಸೆರಗು ಸಿಕ್ಕಿಸಿಕೊಂಡು ಬಲಕ್ಕೆ ಹೊರಟೇಬಿಟ್ಟಳು.

ಜನ ಎರಡೂ ಕಡೆಗೆ ಸರಿದು, ನಡುವೆ ಖಾಲಿ ಕುರ್ಚಿಗಳೂ ನಂದಿತಾಳೂ ಉಳಿದರು.

“ಮೇಡಂ, ಮಧ್ಯದಲ್ಲಿ ನಿಂತೋರ್ನ ಎಣಿಸಲ್ಲ,” ಎಂದರು ಕದಿರೇಶ್, ಮೈಕಿನಲ್ಲೇ.

ಅವಳು ಎಡಕ್ಕೆ ನಡೆದಳು. ಯಾರ ಮುಖವನ್ನೂ ನೋಡದೆ, ಸಾಲಿನ ಕೊನೆಯಲ್ಲಿ ಕಂಡ ಸಾಸಿವೆ ಬಣ್ಣದ ಸೀರೆಯ ಹಿಂದೆ ಹೋಗಿ ನಿಂತಳು. ಸೀರೆ ಹಿಂದಿರುಗಿ ನೋಡಿತು. ಮನೆಯ ಓನರ್ ಅನಂತಲಕ್ಷ್ಮಿ.

“ಬಂದ್ಯಾ, ಬಾ,” ಎಂದರು ಆಕೆ. “ಅಲ್ನೋಡು ನಮ್ಮನೆಯವರನ್ನ.”

ಎದುರು ಸಾಲಿನಲ್ಲಿ, ಚಂದ್ರಮೋಹನ್ ಹಿಂದೆ, ಆಕೆಯ ಗಂಡ ನಾರಾಯಣ ನಿಂತಿದ್ದರು. ಅವರ ಪಕ್ಕದಲ್ಲೇ ಮುನಿಲಕ್ಷ್ಮಿ. ಅವರು ಏನೋ ಹೇಳುತ್ತಿದ್ದರು, ಇವಳು ಬಾಯಿಗೆ ಸೆರಗಿಟ್ಟುಕೊಂಡು ನಗುತ್ತಿದ್ದಳು.

“ಬೆಳಗ್ಗೆಯಿಂದ ಬಡ್ಕೋತಾ ಇದ್ದೀನಿ, ವಾಣಿಶ್ರೀಗೆ ಬನ್ನಿ ಅಂತ. ಕೇಳಿದ್ರಾ? ಪಕ್ಕದಲ್ಲಿ ನಿನ್ನೋಳು ಬೇರೆ. ಇಬ್ಬರದೂ ಒಂದೇ ಹಟ.”

“ಅವಳು ನನ್ನ ಚಿಕ್ಕಮ್ಮನ…” ಎಂದು ನಂದಿತಾಳ ಬಾಯಿ ತಾನಾಗಿ ಶುರುಮಾಡಿತು.

“ಇರ್ಲಿ ಬಿಡೇ. ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಚಿಕ್ಕಮ್ಮನ ಮಗಳ ಜೊತೆ ಯಾರು ದಿನಗಟ್ಟಲೆ ಮಾತು ಬಿಡ್ತಾರೆ? ಮೇಲೆ ಆಡಿದ್ದೆಲ್ಲ ಕೆಳಗೆ ಕೇಳುತ್ತೆ.” ಅನಂತಲಕ್ಷ್ಮಿ ಎದುರು ಸಾಲಿನಿಂದ ಕಣ್ಣು ಕೀಳಲಿಲ್ಲ. “ನಾನಂತೂ ಇವತ್ತು ಅವರಿಗೆ ಕಾಫಿ ಕೊಡಲ್ಲ. ನೀನೂ ಅವಳಿಗೆ ಕೊಡ್ಬೇಡ.”

ನಂದಿತಾ ಆಕೆಯ ಕಿವಿಯ ಹತ್ತಿರ ಬಗ್ಗಿದಳು. “ಅಮ್ಮಾ, ಮನೆ…” ಎಂದಳು.

“ಮನೆಗೇನು? ನಲ್ಲಿ ಸೋರ್ತಿದೆ ಅಂದ್ಯಲ್ಲ, ನಾಳೆ ಪ್ಲಂಬರ್ ಬರ್ತಾನೆ. ನೆಟ್ಟಗೆ ನಿಂತ್ಕೋ, ಎಣಿಸೋಕೆ ಬಂದ್ರು.”

ನಂದಿತಾ ನೆಟ್ಟಗೆ ನಿಂತಳು. ಕದಿರೇಶ್ ಬೆರಳು ತೋರಿಸಿ ಎಣಿಸುತ್ತ ಅವಳ ತಲೆಯನ್ನೂ ದಾಟಿ ಹೋದರು. ಶಿಳ್ಳೆಯ ಕಡೆಯವರು ಏನಾದರೂ ಅಂದರೋ ಇಲ್ಲವೋ, ಅವಳಿಗೆ ಕೇಳಿಸಲಿಲ್ಲ. ಎದುರಿನಿಂದ ಮುನಿಲಕ್ಷ್ಮಿ ಹುಬ್ಬು ಹಾರಿಸಿ ‘ಏನು?’ ಎಂದು ಕೇಳಿದಳು. ನಂದಿತಾ ಆಮೇಲೆ ಹೇಳುತ್ತೇನೆಂದು ಕೈಯಾಡಿಸಿದಳು, ಎಲ್ಲರೆದುರಿಗೆ.

ಕೆಲವೇ ತಲೆಗಳ ಅಂತರದಲ್ಲಿ ಚಂದ್ರಮೋಹನ್ ಗೆದ್ದರು.

ಸಂಜೆ ಅನಂತಲಕ್ಷ್ಮಿ ಮೊದಲ ಸಲ ಮಹಡಿ ಹತ್ತಿ ಬಂದು, ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಸೋತಿದ್ದಕ್ಕೆ ಕದಿರೇಶ್‌ರ ಎಣಿಕೆಯನ್ನೂ ಗಂಡನ ಬುದ್ಧಿಯನ್ನೂ ಸರಿಸಮವಾಗಿ ಬೈದರು. ನಂದಿತಾ ಎರಡೇ ಲೋಟಕ್ಕೆ ಕಾಫಿ ಬಗ್ಗಿಸಿದಳು. ಕಿಟಕಿಯ ಹತ್ತಿರ ಹೋದಾಗ ಕೈ ಪರದೆಯ ಮೇಲೆ ಹೋಯಿತು. ಎಳೆಯದೆ ಕೆಳಗೆ ಬಗ್ಗಿ ನೋಡಿದಳು.

ಬೀದಿಗೆಲ್ಲ ಕಾಣುವ ಹಾಗೆ, ಬಾಗಿಲ ಮೆಟ್ಟಿಲ ಮೇಲೆ, ಗೆದ್ದ ಸಾಲಿನವರಿಬ್ಬರೂ, ನಾರಾಯಣರೂ ಮುನಿಲಕ್ಷ್ಮಿಯೂ, ಖಾಲಿ ಲೋಟ ಹಿಡಿದುಕೊಂಡು ಕೂತಿದ್ದರು.