ಅಕ್ಕನ ಹೆಲ್ಮೆಟ್

ದ್ರಾಕ್ಷಾಯಣಿ ಅಕ್ಕನ ಹೆಲ್ಮೆಟ್ಟಿನ ಗಾಜನ್ನು ಹಳೆಯ ಸೀರೆಯ ಚೂರಿನಿಂದ ಒರೆಸಿದಳು. ಆ ಊರಿನಲ್ಲಿ ಸತ್ತವರ ಹೆಲ್ಮೆಟ್ಟನ್ನು ಯಾರೂ ಎಸೆಯುತ್ತಿರಲಿಲ್ಲ. ಮನೆಯವರು ಅದನ್ನು ಹಾಕಿಕೊಂಡು ಗಾಡಿ ಓಡಿಸುವಾಗ ಹೆದರಿದರೆ ಸಾಕು, ಸತ್ತವರು ಒಳಗಿನಿಂದ ಮಾತಾಡುತ್ತಿದ್ದರು.

"ಇವತ್ತ ಅಕ್ಕ ಏನಂದ್ಲು ಅಂತ ಬಂದ ಹೇಳವ್ವಾ," ಎಂದಳು ಬಾಗಿಲಲ್ಲಿ ನಿಂತ ಅವ್ವ.

ಅದನ್ನು ಹಾಕಿಕೊಂಡ ಮೊದಲ ದಿನ ಮಾರ್ಕೆಟ್ ಸರ್ಕಲ್ಲಿನ ಲಾರಿಗಳ ನಡುವೆ ಅವಳು ಹೆದರಿ ನಿಂತಾಗ ಒಳಗಿನಿಂದ ಅಕ್ಕ ನಕ್ಕಿದ್ದಳು. "ಲೇ ಪುಕ್ಕಲಿ, ಬ್ರೇಕ್ ಹಿಡ್ಕೊಂಡ ಕುಂತ್ರ ಮನಿ ಮುಟ್ಟತೀಯೇನ? ಮುಂದ ನೋಡಿ ಹೊಡಿ!" ಅಂಥ ಬೈಗುಳ ಕೇಳುತ್ತಲೇ ದ್ರಾಕ್ಷಾಯಣಿ ಬೈಕ್ ಕಲಿತಳು. ಸಂಜೆ ಅವನ್ನೆಲ್ಲ ಕೇಳಿದ ಮೇಲೆಯೇ ಅವ್ವ ಉಣ್ಣುತ್ತಿದ್ದಳು.

ಇವತ್ತು ಅದೇ ಸರ್ಕಲ್ಲಿನಲ್ಲಿ ಬಸ್ಸೊಂದು ಮೈಮೇಲೆ ಬರುವಂತೆ ತಿರುಗಿತು. ದ್ರಾಕ್ಷಾಯಣಿಯ ಕೈಕಾಲು ತಾವಾಗಿಯೇ ಗೇರು ಇಳಿಸಿ, ಬೈಕನ್ನು ಸಂದಿಯಲ್ಲಿ ತೂರಿಸಿ ಆಚೆ ತಂದವು. ಅವಳಿಗೆ ಹೆದರಿಕೆಯೇ ಆಗಲಿಲ್ಲ. ಹೆಲ್ಮೆಟ್ಟಿನೊಳಗೆ ಅವಳದೇ ಉಸಿರಿನ ಸದ್ದಿತ್ತು, ಅಕ್ಕನ ದನಿ ಇರಲಿಲ್ಲ.

ಅವಳು ಬೈಕ್ ತಿರುಗಿಸಿಕೊಂಡು ಮತ್ತೆ ಲಾರಿಗಳ ನಡುವೆ ನುಗ್ಗಿದಳು. ಬೇಕೆಂದೇ ಒಂದು ಗಳಿಗೆ ಕಣ್ಣು ಮುಚ್ಚಿದಳು. ಆದರೂ ಹೆದರಿಕೆ ಬರಲಿಲ್ಲ.

ಮನೆಯಲ್ಲಿ ಅವ್ವ ಉಣ್ಣದೆ ಕಾಯುತ್ತಿರುತ್ತಾಳೆ.

"ಅಕ್ಕಾ, ಒಂದ ಸಲ ಬೈ," ಎಂದಳು.