ಮರುಮದುವೆ ವಿಭಾಗಕ್ಕೆ ಮತ್ತೆ ಸ್ವಾಗತ

‘ಮರುಮದುವೆ ವಿಭಾಗಕ್ಕೆ ಮತ್ತೆ ಸ್ವಾಗತ.’

ಮನೆಯ ಲ್ಯಾಪ್‌ಟಾಪಿನಲ್ಲಿ ಈ ಸಾಲು ಕಂಡಾಗ ಚಂದನಾಳ ಎದೆ ಧಸಕ್ಕೆಂದಿತು. ಸಾಲು ಬರೆದವಳು ಅವಳೇ. ಕುಶಾಲನಗರದ ಆಫೀಸಿನಲ್ಲಿ ಕೂತು ಸಮಾಜದ ವಧೂವರರ ವೆಬ್‌ಸೈಟನ್ನು ಕಟ್ಟಿ ನೋಡಿಕೊಳ್ಳುತ್ತಿದ್ದವಳೂ ಅವಳೇ. ಮೊದಲ ಸಲ ಬಂದವರಿಗೆ ಬರೀ ‘ಸ್ವಾಗತ’. ‘ಮತ್ತೆ’ ಎನ್ನುವುದು ಹಿಂದೆಯೂ ಬಂದು ಹೋದವರಿಗೆ ಮಾತ್ರ.

ಅವಳು ರಜೆಯಲ್ಲಿದ್ದಳು. ಏನೋ ತಪ್ಪು ತಿದ್ದಬೇಕೆಂದು ಇವತ್ತೇ ಮೊದಲ ಬಾರಿಗೆ ಇದರಲ್ಲಿ ಸೈಟು ತೆರೆದದ್ದು. ಅತ್ತೆ ಸುಮಿತ್ರಮ್ಮ ಲ್ಯಾಪ್‌ಟಾಪನ್ನು ಮುಟ್ಟುವುದು ಧೂಳು ಒರೆಸುವುದಕ್ಕಷ್ಟೇ. ಮಗಳು ಕವನಾ ಇನ್ನೂ ಒಂದನೇ ಕ್ಲಾಸು. ಉಳಿದವನು ಗಂಡ ಕೀರ್ತಿಕುಮಾರ್.

ಹಿಸ್ಟರಿ ತೆಗೆದು ನೋಡಿದಳು. ಪೂರಾ ಅಳಿಸಿದ್ದ. ಕಳ್ಳನಿಗೆ ಅಷ್ಟು ಬುದ್ಧಿ ಇತ್ತು, ಕುಕಿಯ ವಿಷಯ ಮಾತ್ರ ಗೊತ್ತಿರಲಿಲ್ಲ. ಈ ಕುಕಿ ತಿನ್ನುವಂಥದ್ದಲ್ಲ; ವೆಬ್‌ಸೈಟು ನಮ್ಮ ಬ್ರೌಸರಿನ ಜೇಬಿಗೆ ತುರುಕಿ ಕಳಿಸುವ ಸಣ್ಣ ಚೀಟಿ. ಮುಂದಿನ ಸಲ ಹೋದಾಗ ಬ್ರೌಸರು ಅದನ್ನು ತಾನಾಗಿಯೇ ತೋರಿಸುತ್ತದೆ. ಸರ್ವರು ಓದಿಕೊಂಡು, ತಿದ್ದಿ, ವಾಪಸು ಕೊಡುತ್ತದೆ. ಕೀರ್ತಿಯ ಚೀಟಿಯಲ್ಲಿ ಇದ್ದದ್ದು ಎರಡೇ ವಿಷಯ: ಮರುಮದುವೆ ವಿಭಾಗ, ಕೊನೆಯ ಭೇಟಿ ನಿನ್ನೆ.

ಆ ವಿಭಾಗಕ್ಕೆ ಯಾರು ಬರುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲ ಗಂಡಸರೇ. ಹೆಣ್ಣಿನ ಕಡೆಯವರಿಗೆ ಜನ ಏನೆಂದಾರೋ ಎಂಬ ಅಂಜಿಕೆ. ಅವರು ಸೈಟಿಗೆ ಬರುವುದಿಲ್ಲ, ಆಫೀಸಿಗೆ ಫೋನ್ ಮಾಡಿ ಪಿಸುಗುಡುತ್ತಾರೆ. ಅವರ ವಿವರ ತುಂಬುವವಳು ಚಂದನಾಳೇ.

ಒಂದೊಂದೇ ನೆನಪಾಯಿತು. ವಾರಕ್ಕೊಮ್ಮೆ ಮೈಸೂರು, ಕೇಳಿದರೆ ಕಾಫಿ ವ್ಯಾಪಾರದ ಮಾತು. ಅಲ್ಲಿರುವಷ್ಟು ಹೊತ್ತು ಫೋನ್ ಆಫ್. ಹೊಟ್ಟೆ ಕರಗಿಸಿ ಹೊಸ ಶರ್ಟುಗಳನ್ನು ಹೊಲಿಸಿಕೊಂಡಿದ್ದ. “ಗಂಡಸು ಸಣ್ಣಗಾದ್ರೆ ಚೆಂದ ಕಾಣ್ತಾನೆ ಬಿಡವ್ವ,” ಎಂದು ಅತ್ತೆ ಬೇರೆ ಹಿಗ್ಗಿದ್ದರು. ಸೊಂಟನೋವೆಂದು ಹೇಳಿ ಬೇರೆ ಕೋಣೆಯಲ್ಲಿ ಮಲಗುತ್ತಿದ್ದ.

ಮರುದಿನ ಬೆಳಿಗ್ಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಹತ್ತಿರ ಅವಳನ್ನು ಕರೆದ.

“ಇದನ್ನ ಸ್ಟಾರ್ಟ್ ಮಾಡೋದು ಕಲ್ತ್ಕೊಂಬಿಡು.”

“ಯಾಕೆ, ನೀವಿಲ್ವಾ?”

“ಯಾವಾಗ್ಲೂ ಇರ್ತೀನಾ?”

ಹೊರಟು ನಿಂತವನ ಮಾತು. ಅವಳಿಗೆ ಮೈಯೆಲ್ಲ ಉರಿಯಿತು. “ಹಾಗಾದ್ರೆ ಕವನಾ ಯಾರ ಹತ್ರ ಇರ್ತಾಳೆ ಅಂತಾನೂ ಹೇಳ್ಬಿಡಿ,” ಎಂದಳು.

ಅವನ ಮುಖ ಬಿಳಿಚಿಕೊಂಡಿತು. “ನಿನ್ ಹತ್ರಾನೇ ಕಣೇ. ನಿಮ್ಮಿಬ್ರಿಗೂ ಏನೂ ತೊಂದ್ರೆ ಆಗ್ಬಾರ್ದು ಅಂತಾನೇ ನೋಡ್ತಿದೀನಿ.”

ಎಲ್ಲ ತೀರ್ಮಾನ ಆಗಿಬಿಟ್ಟಿದೆ. ಇನ್ನು ಕೇಳುವುದಕ್ಕೇನೂ ಉಳಿದಿರಲಿಲ್ಲ.

ಆಫೀಸಿಗೆ ಹೋದವಳೇ ಸರ್ವರಿನ ಪ್ರೋಗ್ರಾಮಿಗೆ ಇನ್ನೊಂದು ಸಾಲು ಸೇರಿಸಿದಳು: ಈ ಬ್ರೌಸರು ಬಂದಾಗ, ಹುಡುಕಿದ, ತುಂಬಿದ ವಿವರವನ್ನೂ ಚೀಟಿಯಲ್ಲಿ ಬರೆ. ಆದರೆ ಅವನು ಸೈಟಿಗೆ ಬರದೆ ಸರ್ವರು ಆ ಚೀಟಿಯ ಒಂದಕ್ಷರವನ್ನೂ ಮುಟ್ಟಲಾರದು. ಗಂಡ ಇನ್ನೊಂದು ಸಲ ಇನ್ನೊಬ್ಬಳನ್ನು ಹುಡುಕಲಿ ಎಂದು ಹೆಂಡತಿಯೇ ಕಾದು ಕೂರಬೇಕು. ಇಂಥ ಗತಿ ಯಾರಿಗೂ ಬೇಡ ಎನಿಸಿತು. ಜಗಳಕ್ಕೆ ಬಾಯಿ ಬರುತ್ತಿರಲಿಲ್ಲ, ಅತ್ತೆಯ ಕಣ್ತಪ್ಪಿಸಿ ಅಳುವುದಕ್ಕೆ ಮನೆಯಲ್ಲಿ ಜಾಗವಿರಲಿಲ್ಲ. ಆ ಹೆಣ್ಣು ಯಾರೆಂದು ತಿಳಿದ ದಿನವೇ ಕವನಾಳನ್ನು ಕರೆದುಕೊಂಡು ಶನಿವಾರಸಂತೆಯ ತವರಿಗೆ ಹೋಗುವುದೆಂದು ಬಟ್ಟೆ ಜೋಡಿಸಿಟ್ಟಳು.

ಭಾನುವಾರ ಮಧ್ಯಾಹ್ನ ಕೀರ್ತಿ ಲ್ಯಾಪ್‌ಟಾಪ್ ಮುಂದೆ ಬಹಳ ಹೊತ್ತು ಕೂತಿದ್ದ. ಅವಳು ಬಂದದ್ದು ಕಂಡು ಮುಚ್ಚಿದ.

“ಏನಿಲ್ಲ, ಕಾಫಿ ರೇಟ್ ನೋಡ್ತಿದ್ದೆ,” ಎಂದು ಗೋಡೆ ಹಿಡಿದುಕೊಂಡು ಎದ್ದ. ನಿಧಾನಕ್ಕೆ ಅಂಗಳಕ್ಕೆ ಇಳಿದು ಹೋದ.

ಅವಳು ಚೀಟಿ ತೆರೆದಳು.

‘ಬೇಕಾಗಿರುವುದು: ವರ. ವಧುವಿನ ಕೆಲಸ: ಕುಶಾಲನಗರದಲ್ಲಿ ಕಂಪ್ಯೂಟರ್. ಮಕ್ಕಳು: ಒಬ್ಬಳು ಮಗಳು, ಒಂದನೇ ಕ್ಲಾಸು. ವೈವಾಹಿಕ ಸ್ಥಿತಿ: ವಿಧವೆ.’